ಒಂಬತ್ತನೆಯ ಪ್ರಕರಣ: ಪ್ರಿನ್ಸ್‌ಟನ್ ಕ್ಯಾಂಪಸ್‌ನ ಮೆನಿಂಜೈಟಿಸ್ ಲಸಿಕೆ ಅಭಿಯಾನ, ಒಂದು ಪ್ರಕರಣ ಅಧ್ಯಯನ

2014ರ ಮಾರ್ಚ್ 10ರಂದು ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಬಲಿಯಾದರು. ಅದಕ್ಕೆ ಕೆಲವು ದಿನ ಮೊದಲು ಅವರು, ಹಿಂದಿನ ವರ್ಷ ಇದೇ ಸೋಂಕು ಹರಡಿದ್ದ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಹತ್ತಿರದಿಂದ ಬೆರೆತಿದ್ದರು. ಅವರಿಗೆ ಲಸಿಕೆ ಆಗಿರಲಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಮಾತ್ರ ಅಷ್ಟು ಹೊತ್ತಿಗೆ ಬಹುಪಾಲು ವಿದ್ಯಾರ್ಥಿಗಳಿಗೆ ಲಸಿಕೆಯ ಎರಡೂ ಡೋಸ್ ಆಗಿತ್ತು, ಅಲ್ಲಿ ಹೊಸದಾಗಿ ಯಾರೂ ಕಾಯಿಲೆ ಬಿದ್ದಿರಲಿಲ್ಲ. ಮೃತರಿಂದ ತೆಗೆದ ರೋಗಾಣುವನ್ನು ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ ಅದು ಪ್ರಿನ್ಸ್‌ಟನ್‌ನ ರೋಗಾಣುವೇ ಎಂದು ಖಚಿತವಾಯಿತು.

ಲಸಿಕೆ ಕೆಲಸ ಮಾಡಿತು, ಆದರೂ ರೋಗಾಣು ಕ್ಯಾಂಪಸ್ಸಿನ ಗೇಟು ದಾಟಿ ಹೋಯಿತು. ಈ ಎರಡೂ ಒಟ್ಟಿಗೇ ನಿಜವಾಗುವುದು ಹೇಗೆ ಎಂಬುದು ಅರ್ಥವಾದರೆ, ಇಂಥ ಸ್ಥಳೀಯ ಉಲ್ಬಣದಲ್ಲಿ ಜನರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲು ಹೆಸರಿನ ಗೊಂದಲ

ನಮ್ಮಲ್ಲಿ ‘ಮೆದುಳು ಜ್ವರ’ ಎಂದರೆ ಸಾಮಾನ್ಯವಾಗಿ ಜಪಾನೀಸ್ ಎನ್ಸೆಫಲೈಟಿಸ್. ಅದು ಸೊಳ್ಳೆಯಿಂದ ಬರುವ ವೈರಸ್ ಕಾಯಿಲೆ. ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಹಾಕಿದ್ದು ಅದರ ಲಸಿಕೆ. ಇಲ್ಲಿ ಹೇಳುತ್ತಿರುವುದು ಬೇರೆಯೇ ಕಾಯಿಲೆ. ಇದು ನೈಸೀರಿಯಾ ಮೆನಿಂಜೈಟಿಡಿಸ್, ಅಂದರೆ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೋ ರಕ್ತಕ್ಕೋ ನುಗ್ಗಿ ಉಂಟುಮಾಡುವ ಸೋಂಕು. ಸೊಳ್ಳೆಗೂ ಇದಕ್ಕೂ ಸಂಬಂಧವಿಲ್ಲ, ಇದು ಮನುಷ್ಯರ ಗಂಟಲಲ್ಲಿ ಮಾತ್ರ ಬದುಕುತ್ತದೆ. ಆರೋಗ್ಯವಂತರಲ್ಲೇ ಹತ್ತರಲ್ಲಿ ಒಬ್ಬರ ಗಂಟಲಿನಲ್ಲಿ ಇದು ಏನೂ ತೊಂದರೆ ಕೊಡದೆ ಇರುತ್ತದೆ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ಇನ್ನೂ ಹೆಚ್ಚು. ಕಾಯಿಲೆಯಾಗುವುದು ಅವರಲ್ಲಿ ತೀರಾ ಕೆಲವರಿಗೆ. ಆದರೆ ಆದವರಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೂ ನೂರಕ್ಕೆ 10ರಿಂದ 15 ಮಂದಿ ಸಾಯುತ್ತಾರೆ. ಉಳಿದವರಲ್ಲಿ ಕೆಲವರು ಕೇಳುವ ಶಕ್ತಿ ಕಳೆದುಕೊಳ್ಳುತ್ತಾರೆ, ಕೆಲವರ ಬೆರಳು, ಕೈಕಾಲು ಕತ್ತರಿಸಬೇಕಾಗುತ್ತದೆ.

ಈ ಬ್ಯಾಕ್ಟೀರಿಯಾದಲ್ಲಿ ಹಲವು ಗುಂಪುಗಳಿವೆ. ಕಾಯಿಲೆ ತರುವುದರಲ್ಲಿ ಮುಖ್ಯವಾದವು ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ. ಯಾವ ಗುಂಪು ಎಂಬುದರ ಮೇಲೆಯೇ ಯಾವ ಲಸಿಕೆ ಎಂಬುದು ನಿಂತಿದೆ. ಪ್ರಿನ್ಸ್‌ಟನ್‌ನಲ್ಲಿ ಎಲ್ಲರೂ ಮೊದಲು ಎಡವಿದ್ದು ಇಲ್ಲೇ.

2013ರ ಮಾರ್ಚ್‌ನಿಂದ ನವೆಂಬರ್‌ವರೆಗೆ

ಮೊದಲ ಪ್ರಕರಣ 2013ರ ಮಾರ್ಚ್ ಕೊನೆಯ ವಾರದಲ್ಲಿ ಪತ್ತೆಯಾಯಿತು, ವಸಂತದ ರಜೆ ಮುಗಿಸಿ ಕ್ಯಾಂಪಸ್ಸಿಗೆ ಮರಳಿದ ವಿದ್ಯಾರ್ಥಿಯೊಬ್ಬರಲ್ಲಿ. ಅಲ್ಲಿಂದ ಬೇಸಿಗೆಯ ಹೊತ್ತಿಗೆ ಪ್ರಕರಣಗಳು ಒಂದೊಂದಾಗಿ ಸೇರುತ್ತಾ ಹೋದವು. ಒಬ್ಬರು ಕ್ಯಾಂಪಸ್ಸಿಗೆ ಬಂದುಹೋದ ಅತಿಥಿ. ಅಕ್ಟೋಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಎರಡು ಸೇರಿ ಲೆಕ್ಕ ಎಂಟಕ್ಕೆ ಮುಟ್ಟಿತು: ಏಳು ವಿದ್ಯಾರ್ಥಿಗಳು, ಒಬ್ಬ ಅತಿಥಿ. ಈ ಎಂಟರಲ್ಲಿ ಯಾರೂ ಸಾಯಲಿಲ್ಲ. ಒಂಬತ್ತನೆಯದು ಆರಂಭದಲ್ಲಿ ಹೇಳಿದ ಫಿಲಡೆಲ್ಫಿಯಾದ ಸಾವು.

ಎಂಟು ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಐದು ಸಾವಿರ ಚಿಲ್ಲರೆ ಪದವಿ ವಿದ್ಯಾರ್ಥಿಗಳಿರುವ ಕಡೆ ಏಳು ಮಂದಿ ಎಂದರೆ ಲಕ್ಷಕ್ಕೆ 130ರ ಆಸುಪಾಸು. ಅದೇ ಅವಧಿಯಲ್ಲಿ ಇಡೀ ಅಮೆರಿಕದ ದರ ಲಕ್ಷಕ್ಕೆ ಒಂದಕ್ಕಿಂತಲೂ ಬಹಳ ಕಡಿಮೆ ಇತ್ತು. ಈಗ ಅಲ್ಲಿ ಬಳಸುವ ಅಳತೆಗೋಲಿನ ಪ್ರಕಾರ ಒಂದೇ ಸಂಸ್ಥೆಯಲ್ಲಿ, ಒಂದೇ ಗುಂಪಿನ, ಪರಸ್ಪರ ನೇರ ಸಂಪರ್ಕವಿಲ್ಲದ ಎರಡು ಮೂರು ಪ್ರಕರಣ ಮೂರು ತಿಂಗಳೊಳಗೆ ಕಂಡರೆ ಉಲ್ಬಣ ಎಂದು ಪರಿಗಣಿಸುತ್ತಾರೆ. ‘ನೇರ ಸಂಪರ್ಕವಿಲ್ಲದ’ ಎಂಬ ಮಾತನ್ನು ಗಮನಿಸಬೇಕು. ಒಬ್ಬರ ರೂಮ್‌ಮೇಟ್‌ಗೇ ಕಾಯಿಲೆ ಬಂದರೆ ಅದು ಆ ಕೋಣೆಯೊಳಗಿನ ಹರಡುವಿಕೆ, ಆಂಟಿಬಯೊಟಿಕ್ ಮಾತ್ರೆ ಕೊಟ್ಟು ತಡೆಯಬಹುದು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರಿಗೆ ಒಂದೇ ತಳಿ ಅಂಟಿದರೆ, ಅದು ಕಣ್ಣಿಗೆ ಕಾಣದಂತೆ ಬಹಳ ಗಂಟಲುಗಳಲ್ಲಿ ಕೂತಿದೆ ಎಂದರ್ಥ. ಪ್ರಿನ್ಸ್‌ಟನ್‌ನಲ್ಲಿ ಪರೀಕ್ಷೆಗೆ ಸಿಕ್ಕ ಎಂಟು ಮಾದರಿಗಳೂ ಒಂದೇ ತಳಿ: ಬಿ ಗುಂಪಿನದು, ಎಸ್‌ಟಿ-409.

‘ನಮ್ಮ ಮಗುವಿಗೆ ಲಸಿಕೆ ಆಗಿದೆಯಲ್ಲ?’ ಎಂಬುದು ಪೋಷಕರ ಸಹಜ ಪ್ರಶ್ನೆ. ಹೌದು, ಆಗಿತ್ತು. ಡಾರ್ಮಿಟರಿಯಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೆ ನ್ಯೂಜೆರ್ಸಿಯಲ್ಲಿ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಆದರೆ ಅದು ಎ, ಸಿ, ಡಬ್ಲ್ಯು, ವೈ ಗುಂಪುಗಳ ಲಸಿಕೆ, ಬಿ ಗುಂಪಿನ ಮುಂದೆ ಅದು ನಡೆಯುವುದಿಲ್ಲ. ಲಸಿಕೆ ಕಾರ್ಡಿನಲ್ಲಿ ‘ಮೆನಿಂಜೈಟಿಸ್’ ಎಂದಷ್ಟೇ ಬರೆದಿದ್ದರೆ ಮನೆಯವರಿಗೆ ಈ ವ್ಯತ್ಯಾಸ ಗೊತ್ತಾಗುವ ದಾರಿಯೇ ಇರುವುದಿಲ್ಲ. ಉಲ್ಬಣದ ಸಮಯದಲ್ಲಿ ಕೊಡುವ ಮೊದಲ ಪ್ರಕಟಣೆಯ ಮೊದಲ ಸಾಲಿನಲ್ಲೇ ಗುಂಪಿನ ಅಕ್ಷರ ಇರಬೇಕು ಎನ್ನುವುದು ಇದಕ್ಕೇ.

ಬಿ ಗುಂಪಿಗೆ ಲಸಿಕೆ ಏಕೆ ತಡವಾಯಿತು

ಉಳಿದ ಗುಂಪುಗಳ ಲಸಿಕೆಯನ್ನು ಬ್ಯಾಕ್ಟೀರಿಯಾದ ಮೇಲಿರುವ ಸಕ್ಕರೆಯ ಕವಚದಿಂದ ತಯಾರಿಸುತ್ತಾರೆ. ಬಿ ಗುಂಪಿನ ಕವಚ ನಮ್ಮದೇ ನರಕೋಶಗಳ ಮೇಲಿನ ಸಕ್ಕರೆಯನ್ನು ಹೋಲುತ್ತದೆ. ಹಾಗಾಗಿ ದೇಹ ಅದನ್ನು ಪರಕೀಯ ಎಂದು ಗುರುತಿಸುವುದೇ ಇಲ್ಲ. ಗುರುತಿಸುವಂತೆ ಮಾಡಿದರೆ ನಮ್ಮದೇ ನರಗಳ ಮೇಲೆ ದಾಳಿಯಾದೀತೆಂಬ ಭಯ. ಕೊನೆಗೆ ಕವಚವನ್ನು ಬಿಟ್ಟು, ಅದರಡಿಯ ಪ್ರೋಟೀನ್‌ಗಳನ್ನು ಹುಡುಕಿ ಲಸಿಕೆ ಮಾಡಿದರು. ಆಗ ನೊವಾರ್ಟಿಸ್ ಕಂಪನಿಯದಾಗಿದ್ದ ‘ಬೆಕ್ಸೆರೊ’ ಆ ಬಗೆಯದು. ಅದರಲ್ಲಿ ನಾಲ್ಕು ಭಾಗಗಳು: ಫ್ಯಾಕ್ಟರ್ ಎಚ್ ಬೈಂಡಿಂಗ್ ಪ್ರೋಟೀನ್, ಎನ್‌ಎಚ್‌ಬಿಎ, ನ್ಯಾಡ್‌ಎ ಎಂಬ ಮೂರು ಪ್ರೋಟೀನ್‌ಗಳು, ಜೊತೆಗೆ ನ್ಯೂಜಿಲೆಂಡ್‌ನ ಉಲ್ಬಣದ ತಳಿಯೊಂದರ ಹೊರಪೊರೆಯ ಸಣ್ಣ ಗುಳ್ಳೆಗಳು.

ಪ್ರೋಟೀನ್‌ಗಳಿಗೊಂದು ತೊಡಕಿದೆ. ತಳಿಯಿಂದ ತಳಿಗೆ ಅವು ಬದಲಾಗುತ್ತವೆ. ಬಿ ಗುಂಪಿನ ಲಸಿಕೆ ಎಂದ ಮಾತ್ರಕ್ಕೆ ಬಿ ಗುಂಪಿನ ಎಲ್ಲ ತಳಿಗೂ ಆಗುತ್ತದೆ ಎಂದಲ್ಲ. ಹಾಗಾಗಿ ಲಸಿಕೆ ತರಿಸುವ ಮೊದಲು ಪ್ರಿನ್ಸ್‌ಟನ್‌ನ ತಳಿಯನ್ನು ಅದಕ್ಕೆ ಹೋಲಿಸಿ ನೋಡಿದರು. ನಾಲ್ಕರಲ್ಲಿ ಎರಡು ಭಾಗ, ಅಂದರೆ ಫ್ಯಾಕ್ಟರ್ ಎಚ್ ಪ್ರೋಟೀನ್ ಮತ್ತು ಎನ್‌ಎಚ್‌ಬಿಎ, ಸಾಕಷ್ಟು ಹೊಂದುತ್ತವೆ ಎಂದು ತಿಳಿಯಿತು. ಒಂದಾದರೂ ಹೊಂದಿದರೆ ರಕ್ಷಣೆ ನಿರೀಕ್ಷಿಸಬಹುದು ಎಂಬ ಲೆಕ್ಕದ ಮೇಲೆ ಮುಂದಡಿ ಇಟ್ಟರು.

ಇನ್ನೊಂದು ಅಡ್ಡಿ ಕಾನೂನಿನದು. ಬೆಕ್ಸೆರೊಗೆ ಯುರೋಪಿನಲ್ಲಿ 2013ರ ಜನವರಿಯಲ್ಲಿ ಪರವಾನಗಿ ಸಿಕ್ಕಿತ್ತು, ಅಮೆರಿಕದಲ್ಲಿ ಇರಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ‘ತನಿಖಾ ಹಂತದ ಔಷಧ’ ಎಂಬ ವಿಶೇಷ ಅನುಮತಿಯಡಿ ಇದೊಂದು ಕ್ಯಾಂಪಸ್ಸಿಗಾಗಿ ಲಸಿಕೆ ಬಳಸಲು ನವೆಂಬರ್‌ನಲ್ಲಿ ಒಪ್ಪಿತು. ಇಂಥ ಅನುಮತಿಯ ಬೆಲೆಯನ್ನು ಕಾಗದಪತ್ರದಲ್ಲಿ ತೆರಬೇಕು. ಪ್ರತಿಯೊಬ್ಬರಿಂದ ಲಿಖಿತ ಒಪ್ಪಿಗೆ, 18 ತುಂಬದವರಿಗೆ ಪೋಷಕರ ಸಹಿ, ಡೋಸ್ ಆದಮೇಲೆ ಆಗುವ ಅಡ್ಡಪರಿಣಾಮಗಳ ದಾಖಲೆ, ಪಟ್ಟಿಯಲ್ಲಿಲ್ಲದವರಿಗೆ ಒಂದು ಡೋಸನ್ನೂ ಕೊಡುವಂತಿಲ್ಲ. ಮಾರ್ಚ್‌ನಲ್ಲಿ ಶುರುವಾದ ಉಲ್ಬಣಕ್ಕೆ ಲಸಿಕೆ ಬಂದಿದ್ದು ಡಿಸೆಂಬರ್‌ನಲ್ಲಿ. ಆ ಎಂಟು ತಿಂಗಳ ವಿಳಂಬ ನಿಯಮಗಳ ದೃಷ್ಟಿಯಿಂದ ಅರ್ಥವಾಗುವಂಥದ್ದೇ. ಆದರೂ ಅಷ್ಟೂ ದಿನ ಆ ವಿದ್ಯಾರ್ಥಿಗಳು ಮಾತ್ರೆ ಮತ್ತು ಎಚ್ಚರಿಕೆಯ ಮಾತಿನ ಬಲದಲ್ಲೇ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ

ಗುರಿಯಿಟ್ಟದ್ದು ಸುಮಾರು 5,800 ಮಂದಿಗೆ. ಪದವಿ ವಿದ್ಯಾರ್ಥಿಗಳೆಲ್ಲರೂ ಪಟ್ಟಿಯಲ್ಲಿದ್ದರು, ಎಲ್ಲೇ ವಾಸಿಸಲಿ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಡಾರ್ಮಿಟರಿಯಲ್ಲಿದ್ದವರು ಮಾತ್ರ. ಇವರಲ್ಲದೆ ಕ್ಯಾಂಪಸ್ಸಿಗೆ ಸೇರಿದವರಲ್ಲಿ ಗುಲ್ಮ (ಸ್ಪ್ಲೀನ್) ಇಲ್ಲದವರು ಅಥವಾ ಅದು ಕೆಲಸ ಮಾಡದವರು, ಸಿಕಲ್ ಸೆಲ್ ಕಾಯಿಲೆಯವರು, ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳ ಕೊರತೆಯಿರುವವರು. ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕೆಲಸ ಮುಖ್ಯವಾಗಿ ಆ ಪ್ರೋಟೀನ್‌ಗಳದು, ಹಾಗಾಗಿ ಅವರಿಗೆ ಅಪಾಯ ಹಲವು ಪಟ್ಟು. ಹೊರಗೆ ವಾಸಿಸುವ ಸ್ನಾತಕೋತ್ತರರು, ಅಧ್ಯಾಪಕರು, ಊರಿನವರು ಪಟ್ಟಿಯಲ್ಲಿರಲಿಲ್ಲ. ಕ್ಲಾಸಿನಲ್ಲಿ ಒಟ್ಟಿಗೆ ಕೂರುವುದರಿಂದ ಇದು ಹರಡುವುದಲ್ಲ. ಹರಡುವುದು ಎಂಜಲಿನಿಂದ, ಮುತ್ತಿನಿಂದ, ದಿನಗಟ್ಟಲೆ ಒಂದೇ ಸೂರಿನಡಿ ಮಲಗುವುದರಿಂದ.

ಡಿಸೆಂಬರ್ 9ರಿಂದ 12ರವರೆಗೆ ಮೊದಲ ಡೋಸ್, 2014ರ ಫೆಬ್ರುವರಿಯಲ್ಲಿ ಎರಡನೆಯದು, ಖರ್ಚು ವಿಶ್ವವಿದ್ಯಾಲಯದ್ದು. ಎರಡು ಡೋಸ್ ನಡುವೆ ಕನಿಷ್ಠ ಒಂದು ತಿಂಗಳು ಸಾಕಿತ್ತು. ನಡುವೆ ರಜೆ, ಜನವರಿಯ ಪರೀಕ್ಷೆ ಎಲ್ಲ ಬಂದು ಅಂತರ ಹತ್ತು ವಾರವಾಯಿತು. ಚದುರಿಹೋದ ವಿದ್ಯಾರ್ಥಿಗಳನ್ನು ಹುಡುಕಿ ಹಿಡಿಯುವುದಕ್ಕಿಂತ ಎಲ್ಲರೂ ಇರುವ ವಾರ ನೋಡಿ ಶಿಬಿರ ಇಡುವುದು ಒಳ್ಳೆಯದು. 2014ರ ಮೇ ಮಧ್ಯದ ಹೊತ್ತಿಗೆ ಗುರಿಯಿಟ್ಟವರಲ್ಲಿ 89.1% ಮಂದಿಗೆ ಎರಡೂ ಡೋಸ್ ಆಗಿತ್ತು. ವಯಸ್ಕರ ಲಸಿಕೆಯಲ್ಲಿ, ಅದೂ ಎರಡು ಡೋಸ್‌ಗೆ, ಇದು ಅಪರೂಪದ ಸಾಧನೆ.

ಶಿಬಿರದ ಮೇಜಿನ ಬಳಿ

ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೇ ಸರಿ. ಅದರಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವುದರಿಂದ ನಿಂತಲ್ಲೇ ನಿಂತರೆ ಬಿಳಿ ಗಸಿ ತಳ ಸೇರುತ್ತದೆ, ಚುಚ್ಚುವ ಮೊದಲು ಸಿರಿಂಜನ್ನು ಚೆನ್ನಾಗಿ ಅಲುಗಿಸಿ ಒಂದೇ ಸಮ ಹಾಲುಬಿಳಿ ಆಗಿದೆಯೇ ನೋಡಬೇಕು. ಪ್ರಮಾಣ 0.5 ಮಿಲಿಲೀಟರ್, ರಟ್ಟೆಯ ಸ್ನಾಯುವಿಗೆ. ಆಗಿನ ಸಿರಿಂಜಿನ ಮುಚ್ಚಳದಲ್ಲಿ ಲೇಟೆಕ್ಸ್ ರಬ್ಬರ್ ಇದ್ದುದರಿಂದ ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಬೇಕಿತ್ತು.

ಚುಚ್ಚಿದ ಮೇಲೆ 15 ನಿಮಿಷ ಕೂರಿಸಲೇಬೇಕು. ಹದಿಹರೆಯದವರಲ್ಲಿ ಸೂಜಿ ಕಂಡು ತಲೆ ಸುತ್ತಿ ಬೀಳುವುದು ಸಾಮಾನ್ಯ. ಅಪಾಯ ಲಸಿಕೆಯಿಂದಲ್ಲ, ಬಿದ್ದಾಗ ತಲೆಗೆ ತಾಗುವ ಏಟಿನಿಂದ. ಕೈ ನೋವು ಈ ಲಸಿಕೆಯಲ್ಲಿ ಸ್ವಲ್ಪ ಜಾಸ್ತಿಯೇ. ಕೆಲವರಿಗೆ ಒಂದೆರಡು ದಿನ ಕೈ ಎತ್ತಲು ಕಷ್ಟ, ಮೈಕೈ ನೋವು, ಜ್ವರ. ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ಡೋಸ್‌ಗೆ ಜನ ಬರುವುದಿಲ್ಲ. ಇನ್ನೂ ಮುಖ್ಯವಾಗಿ, ‘ಲಸಿಕೆಯ ಜ್ವರ’ ಎಂದುಕೊಂಡು ನಿಜವಾದ ಮೆನಿಂಜೈಟಿಸ್ ಜ್ವರವನ್ನು ಕಡೆಗಣಿಸುವ ಅಪಾಯ ಉಲ್ಬಣದ ನಡುವೆ ಇದ್ದೇ ಇರುತ್ತದೆ. ಲಸಿಕೆಯ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ, ಪ್ಯಾರಾಸಿಟಮಾಲ್‌ಗೆ ಬಗ್ಗುತ್ತದೆ. ವಾಂತಿ, ಕುತ್ತಿಗೆ ಸೆಟೆತ, ಬೆಳಕು ಕಂಡರೆ ಆಗದಿರುವುದು, ಗೊಂದಲ, ಮೈಮೇಲೆ ಕೆಂಪು-ನೇರಳೆ ಚುಕ್ಕೆ ಇವುಗಳಲ್ಲಿ ಒಂದಾದರೂ ಜೊತೆಗಿದ್ದರೆ ಮಾತ್ರೆ ನುಂಗಿ ಮಲಗುವಂತಿಲ್ಲ.

ಎಂಜಲು ಮತ್ತು ಮಾತ್ರೆ

ಲಸಿಕೆಗೆ ಮೊದಲೂ ಆಮೇಲೂ ಕ್ಯಾಂಪಸ್ಸಿನಲ್ಲಿ ನಡೆದದ್ದು ಎಂಜಲಿನ ಪಾಠ. ವಿದ್ಯಾರ್ಥಿಗಳಿಗೆ ಕೆಂಪು ಪ್ಲಾಸ್ಟಿಕ್ ಲೋಟ ಹಂಚಿದರು. ನಿನ್ನ ಲೋಟ ನಿನಗೆ, ಇನ್ನೊಬ್ಬರಿಗೆ ಕೊಡಬೇಡ ಎಂಬುದು ಅದರ ಸಂದೇಶ. ಪಾರ್ಟಿಯಲ್ಲಿ ಲೋಟ ಕೈಯಿಂದ ಕೈಗೆ ಹೋಗುತ್ತದೆ, ಆ ಕೈಯಲ್ಲೇ ಹಿಡಿಸುವ ಸಂದೇಶ ಗೋಡೆಯ ಪೋಸ್ಟರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ಮನೆಗಳಲ್ಲಿ ‘ಕಚ್ಚಿ ಕುಡಿಯಬೇಡ, ಎತ್ತಿ ಕುಡಿ’ ಎಂದು ಬೆಳೆಸುತ್ತಾರೆ. ಹಾಸ್ಟೆಲಿಗೆ ಹೋದ ಮೊದಲ ವಾರದಲ್ಲೇ ಅದು ಮರೆತುಹೋಗಿ ಒಂದೇ ಬಾಟಲಿ, ಒಂದೇ ಸಿಗರೇಟು ನಾಲ್ಕು ಬಾಯಿ ಸುತ್ತುತ್ತದೆ. ಉಲ್ಬಣದ ಸಲಹೆಯಲ್ಲಿ ಮೊದಲು ನಿಲ್ಲಿಸಬೇಕಾದದ್ದು ಇದು. ಊಟದ ಹಾಲ್ ಮುಚ್ಚುವುದು, ತರಗತಿ ರದ್ದು ಮಾಡುವುದು ಬೇಕಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಕೂಡ ಕಾರ್ಯಕ್ರಮ ರದ್ದು ಮಾಡಿ, ಪ್ರಯಾಣ ನಿಲ್ಲಿಸಿ ಎಂದು ಹೇಳಲಿಲ್ಲ. ಬದಲಿಗೆ, ಪ್ರಿನ್ಸ್‌ಟನ್ ವಿದ್ಯಾರ್ಥಿ ಎಲ್ಲೇ ಜ್ವರ ಎಂದು ಬಂದರೂ ಮೆನಿಂಗೊಕಾಕಸ್ ಇರಬಹುದೆಂಬ ಎಚ್ಚರದಲ್ಲಿ ನೋಡಿ ಎಂದು ದೇಶದ ವೈದ್ಯರಿಗೆ ತಿಳಿಸಿತು.

ಇನ್ನು ಮಾತ್ರೆ. ರೋಗಿಯ ನಿಕಟ ಸಂಪರ್ಕದವರಿಗೆ ಆಂಟಿಬಯೊಟಿಕ್ ಕೊಡಬೇಕು, ಸಾಧ್ಯವಾದರೆ 24 ಗಂಟೆಯೊಳಗೆ. ಎರಡು ವಾರ ಕಳೆದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ನಿಕಟ ಸಂಪರ್ಕ ಎಂದರೆ ಕಾಯಿಲೆ ಶುರುವಾಗುವ ಮುಂಚಿನ ಏಳು ದಿನಗಳಲ್ಲಿ ಒಂದೇ ಮನೆ, ಒಂದೇ ಕೋಣೆಯಲ್ಲಿದ್ದವರು, ಮುತ್ತಿಟ್ಟವರು, ಎಂಜಲು ನೇರವಾಗಿ ತಗುಲಿದವರು, ವಿಮಾನದಲ್ಲಿ ಎಂಟು ಗಂಟೆಗೂ ಹೆಚ್ಚು ಪಕ್ಕದ ಸೀಟಿನಲ್ಲಿ ಕೂತವರು, ರಕ್ಷಣೆಯಿಲ್ಲದೆ ಬಾಯಿಯಿಂದ ಉಸಿರು ಕೊಟ್ಟ ಅಥವಾ ಗಂಟಲಿಗೆ ಟ್ಯೂಬ್ ಹಾಕಿದ ಆಸ್ಪತ್ರೆ ಸಿಬ್ಬಂದಿ. ವಯಸ್ಕರಿಗೆ ಸಿಪ್ರೊಫ್ಲಾಕ್ಸಾಸಿನ್ 500 ಮಿಲಿಗ್ರಾಂ ಒಂದೇ ಮಾತ್ರೆ, ಅಥವಾ ರಿಫಾಂಪಿಸಿನ್ 600 ಮಿಲಿಗ್ರಾಂ 12 ಗಂಟೆಗೊಮ್ಮೆ ಎರಡು ದಿನ, ಅಥವಾ ಸೆಫ್ಟ್ರಿಯಾಕ್ಸೋನ್ 250 ಮಿಲಿಗ್ರಾಂ ಒಂದೇ ಇಂಜೆಕ್ಷನ್. ಗರ್ಭಿಣಿಯರಿಗೆ ಸೆಫ್ಟ್ರಿಯಾಕ್ಸೋನ್. ರಿಫಾಂಪಿಸಿನ್ ತೆಗೆದುಕೊಂಡವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಾಂಟ್ಯಾಕ್ಟ್ ಲೆನ್ಸಿಗೆ ಕಲೆ ಹತ್ತುತ್ತದೆ, ಗರ್ಭನಿರೋಧಕ ಮಾತ್ರೆ ಕೆಲಸ ಮಾಡದೇ ಹೋಗಬಹುದು ಎಂದು ಹೇಳಿಯೇ ಕೊಡಬೇಕು.

ಇಲ್ಲೊಂದು ಭಾರತದ ಎಚ್ಚರಿಕೆ. 2005ರ ದೆಹಲಿಯ ಎ ಗುಂಪಿನ ಉಲ್ಬಣದ ತಳಿ ಸಿಪ್ರೊಫ್ಲಾಕ್ಸಾಸಿನ್‌ಗೆ ಸರಿಯಾಗಿ ಬಗ್ಗಲಿಲ್ಲ. ಒಂದೇ ಮಾತ್ರೆಯ ಅನುಕೂಲಕ್ಕೆ ಮಾರುಹೋಗುವ ಮೊದಲು ಪ್ರಯೋಗಾಲಯದ ವರದಿ ನೋಡಬೇಕು.

ಭಯಕ್ಕೆ ಇಡೀ ಕಾಲೇಜಿಗೇ ಮಾತ್ರೆ ಹಂಚುವ ಒತ್ತಡ ಬಂದೇ ಬರುತ್ತದೆ. ಅದನ್ನು ತಡೆಯಬೇಕು. ಗಂಟಲಲ್ಲಿ ಇದೇ ಬಳಗದ ನಿರುಪದ್ರವಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಜಾಗ ಹಿಡಿದುಕೊಂಡಿದ್ದು, ಕೆಟ್ಟದ್ದನ್ನು ದೂರವಿಡುತ್ತವೆ. ಎಲ್ಲರಿಗೂ ಮಾತ್ರೆ ಕೊಟ್ಟರೆ ಮೊದಲು ಸಾಯುವುದು ಅವು. ಕೆಲವು ವಾರದಲ್ಲಿ ಹೊರಗಿನಿಂದ ಮತ್ತೆ ರೋಗಾಣು ಬರುತ್ತದೆ, ಔಷಧಕ್ಕೆ ಬಗ್ಗದ ತಳಿಯಾಗಿ ಬರುವ ಸಾಧ್ಯತೆಯೂ ಇರುತ್ತದೆ. ಇದರ ವಿರುದ್ಧ ದಿಕ್ಕಿನ ತಪ್ಪೂ ನಡೆಯುತ್ತದೆ: ಲಸಿಕೆ ಆಗಿದೆ ಎಂದು ರೂಮ್‌ಮೇಟ್‌ಗೆ ಮಾತ್ರೆ ಕೊಡದೆ ಬಿಡುವುದು. ಲಸಿಕೆಯಾದ ನಿಕಟ ಸಂಪರ್ಕದವರಿಗೂ ಮಾತ್ರೆ ಬೇಕು.

ಒಂಬತ್ತನೆಯ ಪ್ರಕರಣ ತಿಳಿಸಿದ್ದು

ಲಸಿಕೆ ಶುರುವಾದ ಮೇಲೆ 2015ರ ಫೆಬ್ರುವರಿ ಆರಂಭದವರೆಗೂ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಲ್ಲಿ ಬಿ ಗುಂಪಿನ ಒಂದೂ ಹೊಸ ಪ್ರಕರಣ ಬರಲಿಲ್ಲ, ಒಂದು ಡೋಸ್ ಆದವರಲ್ಲೂ ಇಲ್ಲ. ಎರಡೂ ಡೋಸ್ ಆದ 499 ವಿದ್ಯಾರ್ಥಿಗಳ ರಕ್ತವನ್ನು ಎರಡನೆಯ ಡೋಸ್‌ನ ಎಂಟು ವಾರದ ಬಳಿಕ ಪರೀಕ್ಷಿಸಿದಾಗ ಮಾತ್ರ ಆ ತಳಿಯನ್ನು ಕೊಲ್ಲುವಷ್ಟು ಪ್ರತಿಕಾಯ ಕಂಡದ್ದು 66.1% ಮಂದಿಯಲ್ಲಿ. ಮೂರರಲ್ಲಿ ಒಬ್ಬರಿಗೆ ಈ ಅಳತೆಯಲ್ಲಿ ರಕ್ಷಣೆ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಈ ಫಲಿತಾಂಶ, ಲಸಿಕೆಯಾದವರಿಗೂ ಜ್ವರದ ಎಚ್ಚರಿಕೆ ಅನ್ವಯಿಸುತ್ತದೆ ಎಂಬ ಸಲಹೆಗೆ ಗಟ್ಟಿ ಆಧಾರ ಕೊಟ್ಟಿತು.

ಇದಕ್ಕಿಂತ ದೊಡ್ಡ ವಿಷಯ ಗಂಟಲಿನದು. ಬಿ ಗುಂಪಿನ ಈ ಲಸಿಕೆ ರಕ್ತಕ್ಕೆ ನುಗ್ಗುವ ರೋಗಾಣುವನ್ನು ತಡೆಯುತ್ತದೆ, ಗಂಟಲಲ್ಲಿ ಕೂತದ್ದನ್ನು ಎಬ್ಬಿಸುವುದಿಲ್ಲ. ಫಿಲಡೆಲ್ಫಿಯಾದ ಸಾವು ಈ ಸುಳಿವು ಕೊಟ್ಟಿತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದನ್ನು ದೃಢಪಡಿಸಿತು. ಇದಕ್ಕೆ ಹೋಲಿಸಿ ನೋಡಲು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ‘ಮೆನ್‌ಆಫ್ರಿವ್ಯಾಕ್’ ಇದೆ. ಎ ಗುಂಪಿನ ಆ ಲಸಿಕೆ 2010ರ ಡಿಸೆಂಬರ್‌ನಿಂದ ಬುರ್ಕಿನಾ ಫಾಸೊದಲ್ಲಿ ಬಳಕೆಗೆ ಬಂದಾಗ ಗಂಟಲಿನಿಂದಲೂ ರೋಗಾಣು ಮಾಯವಾಯಿತು, ಹಾಕಿಸಿಕೊಳ್ಳದವರಿಗೂ ರಕ್ಷಣೆ ಸಿಕ್ಕಿತು. ಬಿ ಗುಂಪಿನಲ್ಲಿ ಆ ಭಾಗ್ಯವಿಲ್ಲ. ಪಕ್ಕದವನ ಲಸಿಕೆ ನಿನ್ನನ್ನು ಕಾಯುವುದಿಲ್ಲ.

ಹಾಗಾಗಿ ‘ಕ್ಯಾಂಪಸ್ ಈಗ ಸುರಕ್ಷಿತ’ ಎಂಬ ಪ್ರಕಟಣೆ ಬಿ ಗುಂಪಿನ ಉಲ್ಬಣದಲ್ಲಿ ತಪ್ಪು ಪ್ರಕಟಣೆ. ‘ಲಸಿಕೆ ಹಾಕಿಸಿಕೊಂಡವರಿಗೆ ಅಪಾಯ ಬಹಳ ಕಡಿಮೆಯಾಗಿದೆ, ಆದರೆ ಅವರಿಂದ ಬೇರೆಯವರಿಗೆ ಹರಡಬಹುದು’ ಎಂದು ಬಿಡಿಸಿ ಹೇಳಬೇಕು. ಭೇಟಿಗೆ ಬರುವ ಗೆಳೆಯರು, ಬೇರೆ ಕಾಲೇಜಿನ ಪಾರ್ಟಿ, ಊರಲ್ಲಿರುವ ತಮ್ಮ ತಂಗಿಯರು ಎಲ್ಲ ಆ ವಾಕ್ಯದೊಳಗೆ ಬರುತ್ತಾರೆ.

ಜ್ವರ ಬಂದ ರಾತ್ರಿ

ಸೋಂಕು ತಗುಲಿ ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ಲಕ್ಷಣ ಶುರುವಾಗುತ್ತದೆ. ಮೊದಲ ಕೆಲವು ಗಂಟೆ ಮಾಮೂಲಿ ಫ್ಲೂ ತರಹವೇ. ಕೈಕಾಲು ತಣ್ಣಗಾಗುವುದು, ಕಾಲಿನಲ್ಲಿ ವಿಪರೀತ ನೋವು ಮೊದಲೇ ಕಾಣುವ ಸುಳಿವುಗಳು. ಚುಕ್ಕೆಗಳು ತಡವಾಗಿ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಗಾಜಿನ ಮೂಲಕ ಚುಕ್ಕೆ ಮಾಸದೆ ಹಾಗೇ ಕಂಡರೆ ಆ ಕ್ಷಣವೇ ಆಸ್ಪತ್ರೆ. ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲಿ ತೋಳಿನ ಮೇಲೆ ಹುಡುಕಿದರೆ ಸಿಗುವುದು ಕಷ್ಟ. ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ, ಬಾಯಿಯ ಮೇಲ್ಭಾಗದಲ್ಲಿ ನೋಡಬೇಕು. ಜ್ವರ ಬಂದ ವಿದ್ಯಾರ್ಥಿಯನ್ನು ರಾತ್ರಿಯಿಡೀ ಕೋಣೆಯಲ್ಲಿ ಒಂಟಿಯಾಗಿ ಮಲಗಲು ಬಿಡದೆ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಬೇಕು.

ಆಸ್ಪತ್ರೆಯಲ್ಲಿ ರಕ್ತದ ಕಲ್ಚರ್‌ಗೆ ಮಾದರಿ ತೆಗೆದು ಕೂಡಲೇ ಸೆಫ್ಟ್ರಿಯಾಕ್ಸೋನ್, ವಯಸ್ಕರಿಗೆ 2 ಗ್ರಾಂ, ನರಕ್ಕೆ. ಸ್ಕ್ಯಾನ್ ಆಗಲಿ, ಬೆನ್ನುನೀರು ತೆಗೆಯುವ ವೈದ್ಯರು ಬರಲಿ ಎಂದು ಔಷಧ ತಡಮಾಡುವಂತಿಲ್ಲ. ಔಷಧ ಕೊಟ್ಟ ಮೇಲೆ ಕಲ್ಚರ್‌ನಲ್ಲಿ ಬೆಳೆಯದಿದ್ದರೂ ಪಿಸಿಆರ್‌ನಲ್ಲಿ ಗುಂಪು ಪತ್ತೆಯಾಗುತ್ತದೆ. ರೋಗಿಯನ್ನು ಪೆನಿಸಿಲಿನ್‌ನಿಂದ ಗುಣಪಡಿಸಿದ್ದರೆ ಮನೆಗೆ ಕಳಿಸುವ ಮೊದಲು ಗಂಟಲು ಶುದ್ಧಿಗೆ ಮಾತ್ರೆ ಕೊಡಬೇಕು, ಏಕೆಂದರೆ ಪೆನಿಸಿಲಿನ್ ಅಲ್ಲಿನ ರೋಗಾಣುವನ್ನು ನಂಬಿಕೆಯಾಗುವಂತೆ ತೆಗೆಯುವುದಿಲ್ಲ.

ಇಲ್ಲಿಂದ ಹೊರಡುವವರಿಗೆ

ಅಮೆರಿಕದಲ್ಲಿ ಬಿ ಗುಂಪಿನ ಲಸಿಕೆಗಳಿಗೆ ಪರವಾನಗಿ ಬಂದದ್ದು ಪ್ರಿನ್ಸ್‌ಟನ್ ಆದ ಮೇಲೆಯೇ: ಟ್ರುಮೆನ್ಬಾಗೆ 2014ರ ಅಕ್ಟೋಬರ್, ಬೆಕ್ಸೆರೊಗೆ 2015ರ ಜನವರಿ. ಭಾರತದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಮೆನಿಂಗೊಕಾಕಸ್ ಲಸಿಕೆ ಇಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಓದಲು ಹೋಗುವವರು ಇಲ್ಲಿ ಹಾಕಿಸಿಕೊಳ್ಳುವುದು, ಹಜ್ ಯಾತ್ರಿಕರು ಸೌದಿ ತಲುಪುವ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಬೇಕಾದದ್ದು ಎ, ಸಿ, ಡಬ್ಲ್ಯು, ವೈ ಲಸಿಕೆ. ಕಾರ್ಡಿನಲ್ಲಿ ಈ ನಾಲ್ಕು ಅಕ್ಷರ, ಬ್ರಾಂಡ್ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ. ಬಿ ಲಸಿಕೆ ಬೇಕೇ ಎಂದು ಆ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಹೋದ ಮೊದಲ ವಾರವೇ ಕೇಳಿ. ಆರೋಗ್ಯವಂತರಿಗೆ ಬೆಕ್ಸೆರೊ ಎರಡು ಡೋಸ್, ಆರು ತಿಂಗಳ ಅಂತರದಲ್ಲಿ. ಉಲ್ಬಣ ನಡೆಯುತ್ತಿದ್ದರೆ ಮೂರು ಡೋಸ್: ಇಂದು, ಒಂದೆರಡು ತಿಂಗಳಿಗೆ, ಆರನೇ ತಿಂಗಳಿಗೆ. ಇದು ಅಲ್ಲಿ 2024ರಲ್ಲಿ ಬದಲಾದ ವೇಳಾಪಟ್ಟಿ. ಬೆಕ್ಸೆರೊ ಮತ್ತು ಟ್ರುಮೆನ್ಬಾದ ಪ್ರೋಟೀನ್‌ಗಳು ಬೇರೆ ಬೇರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮೊದಲ ಡೋಸ್ ಯಾವುದೋ ಮುಂದಿನವೂ ಅದೇ ಆಗಬೇಕು.